ನುಣ್ಣನೆಯ ಬೆಟ್ಟಗಳ ಹಿಂದಿನ ಕೈಗಳು

ಬೇಸಿಗೆಯ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿವರ್ಷವೂ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: "ಇಟಲಿಗೆ ಒಂದು ವಾರ ಹೊರಟಿದ್ದೇವೆ, ಏನೇನು ನೋಡಬಹುದು?" ಉತ್ತರಗಳೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ. ರೋಮ್‌ಗೆ ಎರಡು ದಿನ, ಫ್ಲಾರೆನ್ಸಿಗೆ ಒಂದು, ಪೀಸಾದ ವಾಲುಗೋಪುರಕ್ಕೆ ಅರ್ಧ, ವೆನಿಸ್‌ಗೆ ಉಳಿದದ್ದು. ಟಸ್ಕನಿಯ ಹಳ್ಳಿಗಾಡಿನ ಮಾತು ಬಂದರೆ "ಒಂದು ದಿನದ ಬಸ್ ಪ್ರವಾಸ ಸಿಗುತ್ತದೆ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು" ಎಂಬ ಸಲಹೆ ಬರುತ್ತದೆ. ಆ ಬಸ್ಸು ಮೂರು ಕಡೆ ನಿಲ್ಲುತ್ತದೆ. ಮೂರೂ ಕಡೆ ಜನ ಇಳಿದು ಚಿತ್ರ ತೆಗೆದುಕೊಳ್ಳುತ್ತಾರೆ. ಅಂಕುಡೊಂಕಾದ ದಾರಿ, ಅದರ ಇಬ್ಬದಿಗೂ ಸಾಲಾಗಿ ನಿಂತ ಸೈಪ್ರೆಸ್ ಮರಗಳು, ದಿಬ್ಬದ ನೆತ್ತಿಯ ಮೇಲೊಂದು ಕಲ್ಲಿನ ಮನೆ. ಎಲ್ಲರ ಫೋನಿನಲ್ಲಿಯೂ ಅದೇ ಚಿತ್ರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಟಲಿಯಲ್ಲಿ ಒಂದು ವಾರ ಕಳೆಯುವವರು ಅದರಲ್ಲಿ ನಾಲ್ಕು ದಿನಗಳನ್ನಾದರೂ ಫ್ಲಾರೆನ್ಸಿನ ದಕ್ಷಿಣಕ್ಕೆ ಹರಡಿರುವ ಬೆಟ್ಟಸಾಲಿನ ಹಳ್ಳಿಗಳಿಗೆ ಮೀಸಲಿಡಬೇಕು. ಆದರೆ ಅಲ್ಲಿ ಕಾಣುವುದನ್ನು ಪ್ರಕೃತಿಯ ಕೊಡುಗೆ ಎಂದು ಭಾವಿಸಿ ಹಿಂದಿರುಗಬಾರದು. ಪ್ರಕೃತಿ ಅಲ್ಲಿ ಕೊಟ್ಟದ್ದು ಕಲ್ಲು, ಜೇಡಿಮಣ್ಣು ಮತ್ತು ಇಳಿಜಾರು. ಉಳಿದುದನ್ನೆಲ್ಲ ರೂಪಿಸಿದ್ದು ರೈತರ ಬೆವರು, ಒಡೆಯರ ಹಣ, ಸರಕಾರಗಳ ಕಾನೂನು ಹಾಗೂ ದೂರದಿಂದ ವಲಸೆ ಬಂದವರ ಕೈಗಳು. ದೂರದ ಬೆಟ್ಟ ನುಣ್ಣಗೆ ಎಂಬುದು ನಮ್ಮ ಗಾದೆ. ಟಸ್ಕನಿಯ ಬೆಟ್ಟಗಳು ಹತ್ತಿರದಿಂದಲೂ ನುಣ್ಣಗೆ ಕಾಣುತ್ತವೆ. ಅವನ್ನು ಹಾಗೆ ನುಣುಪು ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಕಾರಿನಲ್ಲಿ ಜೊತೆಗೆ ಕೊಂಡೊಯ್ದರೆ ಪ್ರವಾಸದ ಸ್ವರೂಪವೇ ಬೇರೆಯಾಗುತ್ತದೆ.

ಮೊದಲು ದಾರಿಯ ವಿಷಯ. ಫ್ಲಾರೆನ್ಸಿನಿಂದ ಸಿಯೆನಾ ನಗರಕ್ಕೆ ಅಗಲವಾದ ವೇಗದ ರಸ್ತೆಯೊಂದಿದೆ. ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆ. ಅದನ್ನು ಬಿಟ್ಟು 222 ಸಂಖ್ಯೆಯ ಹಳೆಯ ರಸ್ತೆಯನ್ನು ಹಿಡಿಯಬೇಕು. ಸ್ಥಳೀಯರು ಅದನ್ನು ಕಿಯಾಂತಿಜಾನಾ ಎಂದು ಕರೆಯುತ್ತಾರೆ. ಸುಮಾರು 70 ಕಿಲೋಮೀಟರ್ ದೂರವಷ್ಟೇ, ಆದರೆ ಅರ್ಧ ದಿನ ಬೇಕು. ನಮ್ಮ ಆಗುಂಬೆ ಘಾಟಿಯಷ್ಟು ಕಡಿದಾದ ತಿರುವುಗಳು ಇಲ್ಲಿಲ್ಲ. ಆದರೂ ತಿರುವಿಗೆ ಕೊನೆಯೆಂಬುದಿಲ್ಲ. ಒಂದು ದಿಬ್ಬ ಏರಿದರೆ ದ್ರಾಕ್ಷಿತೋಟ, ಇಳಿದರೆ ಆಲಿವ್ ಮರಗಳ ಬೂದುಹಸಿರು, ಮತ್ತೊಂದು ತಿರುವಿನಲ್ಲಿ ಓಕ್ ಕಾಡು, ಅದರಾಚೆ ಒಂದು ಹಳ್ಳಿ. ಗ್ರೇವೆ, ಪಾಂಜಾನೊ, ಕಾಸ್ತೆಲ್ಲೀನಾ ಎಂಬ ಊರುಗಳು ಒಂದಾದ ಮೇಲೊಂದು ಬರುತ್ತವೆ. ಹಿಂದಿನ ಆಸನದಲ್ಲಿ ಕುಳಿತ ಮಕ್ಕಳಿಗೆ ಹೊಟ್ಟೆ ತೊಳಸದಿರಲು ಫೋನು ಕೆಳಗಿಟ್ಟು ದೂರದ ದಿಗಂತವನ್ನು ನೋಡುವಂತೆ ಹೇಳಿ. ಇದು ವೈದ್ಯಕೀಯ ಸಲಹೆಯೂ ಹೌದು, ಪ್ರವಾಸದ ಸಲಹೆಯೂ ಹೌದು.

ಈ ಸೀಮೆಗೆ ಕಿಯಾಂತಿ ಎಂದು ಹೆಸರು. ಅದರ ಎಲ್ಲೆಯ ಬಗ್ಗೆ ಮಕ್ಕಳಿಗೆ ಹೇಳಬಹುದಾದ ಜನಪದ ಕಥೆಯೊಂದಿದೆ. ಫ್ಲಾರೆನ್ಸ್ ಮತ್ತು ಸಿಯೆನಾ ಗಣರಾಜ್ಯಗಳು ಗಡಿಗಾಗಿ ಬಡಿದಾಡಿ ಬೇಸತ್ತು ಒಂದು ಒಪ್ಪಂದಕ್ಕೆ ಬಂದವಂತೆ. ಕೋಳಿ ಕೂಗಿದ ಕೂಡಲೆ ಎರಡೂ ಕಡೆಯಿಂದ ಒಬ್ಬೊಬ್ಬ ಸವಾರ ಹೊರಡಬೇಕು. ಅವರು ಎಲ್ಲಿ ಎದುರಾಗುವರೋ ಅದೇ ಗಡಿ. ಸಿಯೆನಾದವರು ಬಿಳಿಯ ಹುಂಜಕ್ಕೆ ಹೊಟ್ಟೆತುಂಬ ಉಣಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕರಿಯ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ನಸುಕಿಗೆ ಬಹಳ ಮುಂಚೆಯೇ ಕೂಗಿತು, ಫ್ಲಾರೆನ್ಸಿನ ಸವಾರ ಸಿಯೆನಾದ ಬಾಗಿಲ ಹತ್ತಿರದವರೆಗೆ ಬಂದುಬಿಟ್ಟ. ಇಂದಿಗೂ ಕಿಯಾಂತಿ ಕ್ಲಾಸಿಕೊ ಬಾಟಲಿಗಳ ಮೇಲಿರುವ ಕರಿಯ ಹುಂಜದ ಮುದ್ರೆಗೆ ಈ ಕಥೆಯನ್ನೇ ಮೂಲವಾಗಿ ಹೇಳುತ್ತಾರೆ. ಕಥೆ ಕಥೆಯೇ, ಆದರೆ ಇತಿಹಾಸದಲ್ಲಿಯೂ ಗಡಿ ಇಲ್ಲಿ ಬಹುಮುಖ್ಯ. 1716ರಲ್ಲಿ ಟಸ್ಕನಿಯನ್ನು ಆಳುತ್ತಿದ್ದ ಮೂರನೆಯ ಕೋಸಿಮೊ, ಯಾವ ಊರಿನಿಂದ ಯಾವ ಊರಿನವರೆಗಿನ ದ್ರಾಕ್ಷಾರಸವನ್ನು ಕಿಯಾಂತಿ ಎಂದು ಕರೆಯಬಹುದೆಂದು ರಾಜಾಜ್ಞೆ ಹೊರಡಿಸಿದ. ಇಂದು ನಾವು ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಪಟ್ಟಿ ಕಟ್ಟುತ್ತೇವಲ್ಲ, ಅದೇ ಬಗೆಯ ಯೋಚನೆ ಮುನ್ನೂರು ವರ್ಷಗಳ ಹಿಂದೆಯೇ ಇಲ್ಲಿ ಕಾನೂನಾಗಿತ್ತು.

ಸಿಯೆನಾ ತಲುಪಿದ ಮೇಲೆ ಎಲ್ಲರೂ ಚಿಪ್ಪಿನಾಕಾರದ ಆ ದೊಡ್ಡ ಚೌಕದಲ್ಲಿ ಕುಳಿತು ಐಸ್‌ಕ್ರೀಮ್ ತಿನ್ನುತ್ತಾರೆ, ತಿನ್ನಲೇಬೇಕು. ಆದರೆ ಅದೇ ಚೌಕದ ಅಂಚಿನಲ್ಲಿರುವ ಪುರಭವನದ ಒಳಗೆ ಹೋಗದೆ ಮರಳುವುದು ತರವಲ್ಲ. ಅಲ್ಲಿ ನಗರವನ್ನಾಳುತ್ತಿದ್ದ ಒಂಬತ್ತು ಮಂದಿ ಸಭೆ ಸೇರುತ್ತಿದ್ದ ಕೋಣೆಯ ಗೋಡೆಗಳ ಮೇಲೆ ಅಂಬ್ರೋಜೊ ಲೊರೆಂಜೆತ್ತಿ ಎಂಬ ಕಲಾವಿದ 1338-39ರಲ್ಲಿ ರಚಿಸಿದ ಭಿತ್ತಿಚಿತ್ರಗಳಿವೆ. ವಿಷಯ: ಒಳ್ಳೆಯ ಆಡಳಿತ, ಕೆಟ್ಟ ಆಡಳಿತ. ಒಳ್ಳೆಯ ಆಡಳಿತ ಇರುವ ಕಡೆ ನಗರದ ಬಾಗಿಲು ತೆರೆದಿದೆ. ಹೊರಗೆ ಉಳುವವರು, ಕೊಯ್ಯುವವರು, ಕಾಳು ಬಡಿಯುವವರು, ಹೇರು ಹೊತ್ತ ಕತ್ತೆಗಳನ್ನು ಹೊಡೆದುಕೊಂಡು ಬರುವವರು, ಹಿಂದೆ ದಿಬ್ಬಗಳ ಮೇಲೆ ದ್ರಾಕ್ಷಿಯ ಸಾಲುಗಳು. ಕೆಟ್ಟ ಆಡಳಿತದ ಗೋಡೆಯಲ್ಲಿ ಹೊಲ ಪಾಳು ಬಿದ್ದಿದೆ, ಊರು ಉರಿಯುತ್ತಿದೆ. ಅಂದರೆ ಸುಮಾರು ಏಳು ಶತಮಾನಗಳ ಹಿಂದೆ ಒಂದು ನಗರಸಭೆ ತನ್ನ ಸದಸ್ಯರ ಕಣ್ಣೆದುರಿಗೆ ಈ ಮಾತನ್ನು ಬರೆಸಿಕೊಂಡಿತ್ತು: ಹಳ್ಳಿಗಾಡು ಹೇಗೆ ಕಾಣುತ್ತದೆ ಎಂಬುದೇ ನಿಮ್ಮ ಆಡಳಿತದ ಅಂಕಪಟ್ಟಿ. ಭೂದೃಶ್ಯ ಎಂಬುದು ಮನುಷ್ಯರ ತೀರ್ಮಾನಗಳ ಫಲ ಎಂಬ ನನ್ನ ವಾದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆ ಚಿತ್ರ ಮುಗಿದ ಒಂಬತ್ತು ವರ್ಷಗಳಲ್ಲಿ, 1348ರಲ್ಲಿ, ಪ್ಲೇಗ್ ಮಾರಿ ಸಿಯೆನಾವನ್ನು ಹೊಕ್ಕಿತು. ಲೊರೆಂಜೆತ್ತಿಯೂ ಅದರಲ್ಲಿಯೇ ತೀರಿಕೊಂಡಿರಬೇಕೆಂದು ನಂಬಲಾಗಿದೆ. ಪ್ರಪಂಚದ ಅತಿ ದೊಡ್ಡ ಚರ್ಚನ್ನು ಕಟ್ಟಬೇಕೆಂಬ ಹಂಬಲದಿಂದ 1339ರಲ್ಲಿ ಆರಂಭಿಸಿದ ವಿಸ್ತರಣೆ ಅಲ್ಲಿಗೇ ನಿಂತಿತು. ಅದರ ಒಂಟಿ ಗೋಡೆ ಇಂದಿಗೂ ಹಾಗೆಯೇ ನಿಂತಿದೆ. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದ ನಮ್ಮಂಥವರಿಗೆ ಆ ಗೋಡೆಯ ಕೆಳಗೆ ನಿಂತಾಗ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಸಿಯೆನಾದಿಂದ ದಕ್ಷಿಣಕ್ಕೆ ಹೊರಟರೆ ನೋಟ ಬದಲಾಗುತ್ತದೆ. ಕಾಡು ಕರಗಿ, ಬೂದುಬಣ್ಣದ ಜೇಡಿಯ ಬೋಳು ದಿಬ್ಬಗಳು ತೆರೆದುಕೊಳ್ಳುತ್ತವೆ. ಅದನ್ನು ದಾಟಿದರೆ ಆರ್ಚಾ ನದಿಯ ಕಣಿವೆ, ವಾಲ್ ದೋರ್ಚಾ. ಯುನೆಸ್ಕೊ 2004ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದ ಸಂಗತಿಯೆಂದರೆ ಸೇರಿಸಿದ್ದು ನಿಸರ್ಗತಾಣವೆಂದಲ್ಲ, ಸಾಂಸ್ಕೃತಿಕ ಭೂದೃಶ್ಯವೆಂದು. ಕಣಿವೆಯ ನಡುವಿನ ಪಿಯೆಂಜಾ ಪಟ್ಟಣವೂ ಒಬ್ಬ ವ್ಯಕ್ತಿಯ ಸಂಕಲ್ಪದಿಂದ ಎದ್ದದ್ದು. ಕೊರ್ಸಿಞಾನೊ ಎಂಬ ಕುಗ್ರಾಮದಲ್ಲಿ ಹುಟ್ಟಿದವನೊಬ್ಬ 1458ರಲ್ಲಿ ಎರಡನೆಯ ಪಿಯುಸ್ ಎಂಬ ಹೆಸರಿನಿಂದ ಪೋಪ್ ಆದ. ಮರುವರ್ಷವೇ ತನ್ನ ಹುಟ್ಟೂರನ್ನು ಹೊಸದಾಗಿ ಕಟ್ಟಿಸತೊಡಗಿ ಅದಕ್ಕೆ ತನ್ನ ಹೆಸರನ್ನೇ ಇಟ್ಟ. ಪರಸ್ಥಳದಲ್ಲಿ ದೊಡ್ಡವರಾದವರು ಹುಟ್ಟೂರಿನ ದೇವಸ್ಥಾನಕ್ಕೆ ಗೋಪುರ ಕಟ್ಟಿಸುವುದು ನಮಗೂ ಅಪರಿಚಿತವಲ್ಲ.

ಎಲ್ಲರ ಫೋನಿನಲ್ಲಿರುವ ಆ ಅಂಕುಡೊಂಕು ದಾರಿಯ ಪೈಕಿ ಬಹು ಪ್ರಸಿದ್ಧವಾದದ್ದು ಈ ಕಣಿವೆಯ ಲಾ ಫೋಚೆ ಎಂಬ ಜಮೀನಿನ ಹತ್ತಿರದ್ದು. ಪುರಾತನವೆಂದು ತೋರುವ ಆ ದಾರಿಗೆ, ಆ ಮರಗಳಿಗೆ ನೂರು ವರ್ಷವೂ ತುಂಬಿರಲಾರದು. 1924ರ ಸುಮಾರಿಗೆ ಐರಿಸ್ ಒರೀಗೊ ಎಂಬ ಲೇಖಕಿ ಮತ್ತು ಅವರ ಪತಿ ಅಂತೋನಿಯೊ ಅಲ್ಲಿ ನೆಲೆಸಿದಾಗ ಅದು ಮಣ್ಣು ಕೊಚ್ಚಿಹೋದ, ಹುಲ್ಲೂ ಸರಿಯಾಗಿ ಬೆಳೆಯದ ನೆಲವಾಗಿತ್ತು. ಅವರು ಕೊರಕಲುಗಳಿಗೆ ಒಡ್ಡು ಹಾಕಿಸಿದರು, ರಸ್ತೆ ಕಡಿಸಿದರು, ಮರ ನೆಡಿಸಿದರು, ಗೇಣಿದಾರರ ಮಕ್ಕಳಿಗೆ ಶಾಲೆ ತೆರೆದರು, ಚಿಕಿತ್ಸಾಲಯವನ್ನೂ ಕಟ್ಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅದೇ ಮನೆಯಲ್ಲಿ ನಿರಾಶ್ರಿತ ಮಕ್ಕಳಿಗೆ ಆಶ್ರಯ ಕೊಟ್ಟು, 1944ರ ಜೂನ್‌ನಲ್ಲಿ ಆ ಮಕ್ಕಳನ್ನು ಗುಂಡಿನ ನಡುವೆ ಕಾಲ್ನಡಿಗೆಯಲ್ಲಿ ಮೊಂತೆಪುಲ್ಚಾನೊ ಪಟ್ಟಣಕ್ಕೆ ಕರೆದೊಯ್ದರು. ಆ ದಿನಗಳ ದಿನಚರಿಯನ್ನು ಐರಿಸ್ 1947ರಲ್ಲಿ ಪ್ರಕಟಿಸಿದರು. ಆ ದಾರಿಯ ಚಿತ್ರ ತೆಗೆಯುವವರಲ್ಲಿ ಇದನ್ನು ತಿಳಿದವರು ಎಷ್ಟು ಮಂದಿ ಇದ್ದಾರು?

ಆದರೆ ಒಡೆಯರ ಕಥೆ ಅರ್ಧ ಮಾತ್ರ. ಮಣ್ಣು ಅಗೆದವರು ಬೇರೆಯೇ. ಟಸ್ಕನಿಯಲ್ಲಿ ಶತಮಾನಗಳ ಕಾಲ ನಡೆದುಬಂದದ್ದು ಮೆಜ್ಜಾದ್ರಿಯಾ ಎಂಬ ಪದ್ಧತಿ. ಜಮೀನು ಮತ್ತು ಮನೆ ಒಡೆಯನದು, ದುಡಿಮೆ ರೈತ ಕುಟುಂಬದ್ದು, ಬೆಳೆಯಲ್ಲಿ ಅರ್ಧರ್ಧ. ನಮ್ಮಲ್ಲಿ ಕೋರು, ವಾರ ಎಂದು ಕರೆಯುತ್ತಿದ್ದ ಪದ್ಧತಿಯ ನೆಂಟ ಇದು. ರೈತ ತನ್ನ ಪಾಲಿನ ಹೊಲದಲ್ಲಿಯೇ ವಾಸಿಸಬೇಕೆಂಬ ಕಟ್ಟಳೆಯಿಂದಾಗಿ ಪ್ರತಿ ದಿಬ್ಬದ ಮೇಲೂ ಒಂದೊಂದು ಕಲ್ಲಿನ ಮನೆ ಎದ್ದಿತು. ಕುಟುಂಬದ ಹೊಟ್ಟೆ ತುಂಬಲು ಎಲ್ಲವೂ ಬೇಕಾದ್ದರಿಂದ ಗೋಧಿ, ಆಲಿವ್, ದ್ರಾಕ್ಷಿ, ಮೇವು ಎಲ್ಲವೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದವು. ನಮ್ಮ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವಂತೆ ಅವರು ಮೇಪಲ್ ಮರಗಳಿಗೆ ದ್ರಾಕ್ಷಿಯನ್ನು ಹಬ್ಬಿಸುತ್ತಿದ್ದರು. ನಾವು ಚೆಲುವೆಂದು ಮೆಚ್ಚುವ ಆ ತುಂಡುತುಂಡು ಹಸಿರಿನ ಚಿತ್ತಾರ ಹುಟ್ಟಿದ್ದು ಹೀಗೆ. ಅದರೊಳಗೆ ಬದುಕಿದವರಿಗೆ ಅದು ಸಾಲ, ಮುಕ್ಕಾಲು ಹೊಟ್ಟೆ ಮತ್ತು ಒಡೆಯನ ಗುಮಾಸ್ತನ ಲೆಕ್ಕದ ಪುಸ್ತಕ.

ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕರೆದವು. 1950 ಮತ್ತು 60ರ ದಶಕಗಳಲ್ಲಿ ರೈತ ಕುಟುಂಬಗಳು ಸಾವಿರಾರು ಸಂಖ್ಯೆಯಲ್ಲಿ ಬೆಟ್ಟ ಇಳಿದು ಪಟ್ಟಣ ಸೇರಿದವು. 1964ರ ಕಾನೂನು ಹೊಸ ಮೆಜ್ಜಾದ್ರಿಯಾ ಕರಾರುಗಳನ್ನು ನಿಷೇಧಿಸುವ ವೇಳೆಗೆ ಅನೇಕ ಮನೆಗಳಲ್ಲಿ ದೀಪ ಹಚ್ಚುವವರೇ ಉಳಿದಿರಲಿಲ್ಲ. ಕರ್ನಾಟಕದಲ್ಲಿ ಹತ್ತು ವರ್ಷಗಳ ತರುವಾಯ, 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ಬಂದಾಗ ಗೇಣಿದಾರ ನೆಲದ ಒಡೆಯನಾಗಿ ಅಲ್ಲಿಯೇ ಉಳಿದ. ಟಸ್ಕನಿಯಲ್ಲಿ ಬಹುತೇಕ ನೆಲ ಒಡೆಯರ ಬಳಿಯೇ ಉಳಿದು, ಉಳುವವನು ಹೊರಟುಹೋದ. ಎರಡು ನಾಡುಗಳ ಇಂದಿನ ಹಳ್ಳಿಗಳು ಬೇರೆಬೇರೆಯಾಗಿ ಕಾಣಲು ಇದೂ ಒಂದು ಕಾರಣ. ಖಾಲಿಯಾದ ಇಳಿಜಾರುಗಳಲ್ಲಿ ಯಂತ್ರ ಓಡಿಸಲು ಅನುಕೂಲವಾಗುವಂತೆ ದ್ರಾಕ್ಷಿಯನ್ನಷ್ಟೇ ನೇರ ಸಾಲುಗಳಲ್ಲಿ ನೆಡಲಾಯಿತು. ಇಂದು ನಾವು ಪುರಾತನವೆಂದು ಮೆಚ್ಚುವ ಬಾಚಣಿಗೆಯಂಥ ಆ ಸಾಲುಗಳು ಹೆಚ್ಚಿನಂಶ ನಮ್ಮ ತಂದೆತಾಯಿಯರ ತಲೆಮಾರಿಗಿಂತ ಕಿರಿಯವು.

ಉಳುವವರು ಹೋದ ಮೇಲೆ ಹಳ್ಳಿಗಳು ಸಾಯಲಿಲ್ಲವೇಕೆ? ಮೊದಲನೆಯ ಉತ್ತರ ಸಾರ್ಡೀನಿಯಾ ದ್ವೀಪದಿಂದ ಬಂತು. ಅಲ್ಲಿನ ಕುರಿಗಾಹಿ ಕುಟುಂಬಗಳು ತಮ್ಮ ಮಂದೆಗಳೊಂದಿಗೆ ಸಮುದ್ರ ದಾಟಿ ಬಂದು, ಟಸ್ಕನಿಯವರು ಬಿಟ್ಟುಹೋದ ಜೇಡಿಯ ದಿಬ್ಬಗಳಲ್ಲಿ ನೆಲೆಯೂರಿದವು. ಪಿಯೆಂಜಾದ ಬೀದಿಗಳಲ್ಲಿ ಇಂದು ಘಮಘಮಿಸುವ ಪೆಕೊರೀನೊ ಚೀಸ್ ಉಳಿದು ಬೆಳೆದದ್ದರಲ್ಲಿ ಈ ವಲಸಿಗರ ಪಾಲು ದೊಡ್ಡದು. ಎರಡನೆಯ ಉತ್ತರ ಕಾನೂನು. 1985ರಲ್ಲಿ ಇಟಲಿ ಅಗ್ರಿತುರಿಸ್ಮೊ ಕಾಯ್ದೆಯನ್ನು ತಂದಿತು. ರೈತ ತನ್ನ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳಬಹುದು, ಆದರೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಆತಿಥ್ಯ ಅದಕ್ಕೆ ಪೂರಕವಾಗಿರಬೇಕು ಎಂಬುದು ಅದರ ತಿರುಳು. ಮೂರನೆಯ ಉತ್ತರ ಜನರದ್ದೇ. ಮೊಂತಿಕ್ಕಿಯೆಲ್ಲೊ ಎಂಬ ಪುಟ್ಟ ಹಳ್ಳಿಯವರು 1967ರಿಂದ ಪ್ರತಿ ಬೇಸಿಗೆಯಲ್ಲಿ ತಮ್ಮದೇ ಬದುಕನ್ನು ತಾವೇ ನಾಟಕವಾಗಿ ಹೆಣೆದು, ತಾವೇ ಊರ ಚೌಕದಲ್ಲಿ ಆಡುತ್ತಾ ಬಂದಿದ್ದಾರೆ. ಬಡ ರಂಗಭೂಮಿ ಎಂದೇ ಅದರ ಹೆಸರು. ಊರು ಖಾಲಿಯಾಗುತ್ತಿರುವುದೇ, ಮನೆಗಳು ಹೊರಗಿನವರ ಪಾಲಾಗುತ್ತಿರುವುದೇ ಅವರ ನಾಟಕದ ವಸ್ತು. ಹೆಗ್ಗೋಡಿನ ನೀನಾಸಂ ಬಲ್ಲ ಕನ್ನಡಿಗರಿಗೆ, ಒಂದು ಹಳ್ಳಿ ರಂಗಭೂಮಿಯ ಮೂಲಕ ತನ್ನನ್ನು ತಾನು ಪ್ರಶ್ನಿಸಿಕೊಳ್ಳುವುದು ಎಂಥ ಬಲವೆಂದು ಹೇಳಬೇಕಾಗಿಲ್ಲ.

ಇನ್ನು ಇಂದಿನ ಕೈಗಳ ವಿಚಾರ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ದ್ರಾಕ್ಷಿ ಕೊಯ್ಲಿನ ಸಮಯಕ್ಕೆ ಹೋದವರು ಸಾಲುಗಳ ನಡುವೆ ಬಾಗಿರುವ ಮುಖಗಳನ್ನು ಗಮನಿಸಬೇಕು. ಅವರಲ್ಲಿ ಅನೇಕರು ಪೂರ್ವ ಯುರೋಪಿನವರು, ಆಫ್ರಿಕಾದವರು, ನಮ್ಮ ಉಪಖಂಡದವರು. ಉತ್ತರದ ಪೋ ನದಿಯ ಬಯಲಿನಲ್ಲಿ ಹಸುಗಳ ಹಾಲು ಕರೆದು ಪ್ರಸಿದ್ಧ ಚೀಸ್‌ಗಳಿಗೆ ಒದಗಿಸುವವರಲ್ಲಿ ಪಂಜಾಬಿನವರು ಬಹಳ ಮಂದಿ. ದಲ್ಲಾಳಿಗಳ ಮೂಲಕ ಕೂಲಿಗಳನ್ನು ತಂದು ಕನಿಷ್ಠ ಸಂಬಳಕ್ಕೆ ದುಡಿಸುವ ಕಪೊರಲಾತೊ ಎಂಬ ಪಿಡುಗು ಇಟಲಿಯನ್ನು ಬಹುಕಾಲದಿಂದ ಕಾಡಿದೆ. 2015ರ ಬೇಸಿಗೆಯಲ್ಲಿ ದಕ್ಷಿಣದ ಪುಲಿಯಾ ಪ್ರಾಂತ್ಯದ ದ್ರಾಕ್ಷಿತೋಟದಲ್ಲಿ ಪಾವ್ಲಾ ಕ್ಲೆಮೆಂತೆ ಎಂಬ ಇಟಲಿಯದೇ ಮಹಿಳೆ ಕೆಲಸದ ನಡುವೆ ಕುಸಿದು ಸತ್ತ ಮೇಲೆ ದೇಶ ಎಚ್ಚೆತ್ತು, 2016ರಲ್ಲಿ ಕಠಿಣ ಕಾನೂನು ತಂದಿತು. ಆದರೂ 2024ರ ಜೂನ್‌ನಲ್ಲಿ ರೋಮ್‌ನ ದಕ್ಷಿಣದ ಲಾತೀನಾ ಸೀಮೆಯ ಹೊಲವೊಂದರಲ್ಲಿ ಸತ್ನಾಮ್ ಸಿಂಗ್ ಎಂಬ ಯುವಕನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾದಾಗ, ಅವನನ್ನು ಆಸ್ಪತ್ರೆಗೆ ಒಯ್ಯದೆ ಅವನ ವಸತಿಯ ಮುಂದೆ ಬಿಟ್ಟುಹೋದರು. ಎರಡು ದಿನಗಳಲ್ಲಿ ಅವನು ತೀರಿಕೊಂಡ. ಅಂಥ ಗಾಯದಲ್ಲಿ ರಕ್ತಸ್ರಾವವನ್ನು ತಡೆಯುವ ಮೊದಲ ನಿಮಿಷಗಳಿಗೆ ಎಷ್ಟು ಬೆಲೆಯೆಂದು ವೈದ್ಯನಾಗಿ ನಾನು ಬಲ್ಲೆ. ಅಲ್ಲಿ ಕೊರತೆಯಾದದ್ದು ವೈದ್ಯಶಾಸ್ತ್ರವಲ್ಲ.

ರಜೆಗೆಂದು ಹೋದವರಿಗೆ ಇವೆಲ್ಲ ಏಕೆ, ನಾಲ್ಕು ದಿನ ನೆಮ್ಮದಿಯಾಗಿ ಕಣ್ಣು ತಂಪು ಮಾಡಿಕೊಂಡು ಬರಬಾರದೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ವರ್ಷವಿಡೀ ಆಸ್ಪತ್ರೆ, ಕಚೇರಿ, ಶಾಲೆಗಳ ನಡುವೆ ಓಡುವ ನಮಗೆ ವಿಶ್ರಾಂತಿ ಬೇಕು. ಆದರೆ ತಿಳಿವಳಿಕೆಯಿಂದ ಚೆಲುವು ಕುಂದುತ್ತದೆಂಬ ಭಯ ಆಧಾರವಿಲ್ಲದ್ದು. ರಾಗದ ಹೆಸರು ಗೊತ್ತಿದ್ದವನಿಗೆ ಸಂಗೀತ ಕಡಿಮೆ ರುಚಿಸುವುದಿಲ್ಲ. ಅದಲ್ಲದೆ ಈ ನಾಡಿನಲ್ಲಿ ನಾವೂ ಹೊರಗಿನಿಂದ ಬಂದ ಕೈಗಳೇ. ಇಲ್ಲಿನ ಆರೋಗ್ಯಸೇವೆಯ ಸೊಗಸನ್ನು ಯಾರಾದರೂ ಹೊಗಳುವಾಗ ಅದನ್ನು ನಡೆಸುತ್ತಿರುವ ವಲಸಿಗ ದಾದಿಯರ, ವೈದ್ಯರ ಹೆಸರನ್ನೂ ಎತ್ತಲಿ ಎಂದು ನಾವು ಬಯಸುತ್ತೇವೆ. ಆ ಬಯಕೆ ನ್ಯಾಯವಾದರೆ, ದ್ರಾಕ್ಷಿಸಾಲಿನ ನಡುವೆ ಬಾಗಿರುವವನನ್ನು ಚಿತ್ರದಿಂದ ಕತ್ತರಿಸಿ ಹಾಕುವುದು ನ್ಯಾಯವಲ್ಲ.

ನಮ್ಮ ತೌರಿಗೂ ಇದು ಅನ್ವಯಿಸುತ್ತದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ದೊಡ್ಡ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಇಬ್ಬರು ಹಲವರಿಗೆ ಸ್ವಂತ ತಂದೆತಾಯಿಯರೇ. ಕಾಫಿ ತೋಟಗಳಲ್ಲಿ ಇಂದು ಅಸ್ಸಾಂ, ಝಾರ್ಖಂಡ್‌ಗಳಿಂದ ಬಂದ ಕಾರ್ಮಿಕರಿದ್ದಾರೆ. ಹೋಂಸ್ಟೇಗಳು ಊರೂರಿಗೂ ಎದ್ದಿವೆ. ಆ ಹೋಂಸ್ಟೇ ತೋಟವನ್ನು ಉಳಿಸುತ್ತಿದೆಯೇ, ಅಥವಾ ತೋಟವನ್ನೇ ನುಂಗುತ್ತಿದೆಯೇ? ಬೇಸಾಯವೇ ಮುಖ್ಯ, ಆತಿಥ್ಯ ಪೂರಕ ಎಂಬ ಇಟಲಿಯ ಆ ಒಂದು ವಾಕ್ಯ ನಮ್ಮಲ್ಲಿಯೂ ಚರ್ಚೆಯಾಗಬೇಕು. ಇಟಲಿಯಲ್ಲಿಯೂ ಎಲ್ಲವೂ ಸರಿಹೋಗಿಲ್ಲ. ಹಲವು ಊರುಗಳಲ್ಲಿ ಪ್ರವಾಸಿಗರ ಅಂಗಡಿಗಳು ಹೆಚ್ಚಿ ಊರಿನವರ ಅಂಗಡಿಗಳು ಕರಗಿವೆ. ಆದರೆ ಆ ಪ್ರಶ್ನೆಯನ್ನು ಅವರು ಬಹಿರಂಗವಾಗಿ ಕೇಳಿಕೊಳ್ಳುತ್ತಿದ್ದಾರೆ. 1999ರಲ್ಲಿ ಗ್ರೇವೆಯ ಪುರಾಧ್ಯಕ್ಷರಾಗಿದ್ದ ಪಾವ್ಲೊ ಸತುರ್ನೀನಿ ಮುಂದಾಳಾಗಿ ಆರಂಭಿಸಿದ ಚಿತ್ತಾಸ್ಲೊ, ಅಂದರೆ ನಿಧಾನ ಪಟ್ಟಣಗಳ ಒಕ್ಕೂಟ, ಅಂಥ ಒಂದು ಪ್ರಯತ್ನ. ಐವತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು ಮಾತ್ರ ಅದರ ಸದಸ್ಯತ್ವ ಪಡೆಯಬಹುದು.

ಹೊರಡುವವರಿಗಾಗಿ ಕೆಲವು ವ್ಯಾವಹಾರಿಕ ಮಾತುಗಳು. ದಿನಕ್ಕೊಂದು ಊರಿನಲ್ಲಿ ಮಲಗಬೇಡಿ. ಒಂದೇ ಅಗ್ರಿತುರಿಸ್ಮೊದಲ್ಲಿ ನಾಲ್ಕು ರಾತ್ರಿ ತಂಗಿ, ಬೇಸಾಯ ನಿಜವಾಗಿಯೂ ನಡೆಯುತ್ತಿರುವ ಮನೆಯನ್ನೇ ಆರಿಸಿ. ಊರೊಳಗಿನ ಹಳೆಯ ಬೀದಿಗಳಿಗೆ ಹೊರಗಿನವರ ಕಾರು ನುಗ್ಗುವಂತಿಲ್ಲ. ಜೆಡ್‌ಟಿಎಲ್ ಎಂಬ ಫಲಕ ಕಂಡರೆ ಅಲ್ಲಿಯೇ ತಿರುಗಿಸಿ, ಕೋಟೆಯ ಹೊರಗೆ ನಿಲ್ಲಿಸಿ ನಡೆದು ಹೋಗಿ. ಇಲ್ಲದಿದ್ದರೆ ದಂಡದ ಕಾಗದ ತಿಂಗಳುಗಳ ಬಳಿಕ ಮನೆ ಬಾಗಿಲಿಗೆ ಬರುತ್ತದೆ. ಜಿಹೆಚ್‌ಐಸಿ ಕಾರ್ಡು ಕೈಚೀಲದಲ್ಲಿರಲಿ, ತುರ್ತು ಸಂಖ್ಯೆ 112 ನೆನಪಿರಲಿ. ಸಸ್ಯಾಹಾರಿಗಳಿಗೆ ಚಿಂತೆ ಬೇಡ. ಹಿಂದಿನ ದಿನದ ಬ್ರೆಡ್ಡು, ಹುರುಳಿಕಾಯಿಯ ಜಾತಿಯ ಬಿಳಿಕಾಳು, ಕಪ್ಪುಸೊಪ್ಪು ಹಾಕಿ ಮತ್ತೆ ಕುದಿಸುವ ರಿಬೊಲ್ಲೀತಾ, ನಮ್ಮ ತಂಗಳನ್ನಕ್ಕೆ ಒಗ್ಗರಣೆ ಹಾಕುವ ಜಾಣ್ಮೆಯದೇ ಇನ್ನೊಂದು ರೂಪ. ಬೆಳ್ಳುಳ್ಳಿ, ಟೊಮೇಟೊ ಸಾರಿನಲ್ಲಿ ಬೇಯಿಸಿದ, ಕೈಯಲ್ಲಿ ಹೊಸೆದ ಪೀಚಿ ಶಾವಿಗೆಯೂ ರುಚಿಕರ. ಆದರೆ ಸಾಂಪ್ರದಾಯಿಕ ಪೆಕೊರೀನೊದಲ್ಲಿ ಹಾಲನ್ನು ಒಡೆಯಲು ಸಾಮಾನ್ಯವಾಗಿ ಪ್ರಾಣಿಮೂಲದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಾದವರು ಸಸ್ಯಮೂಲದ ರೆನೆಟ್ ಬಳಸಿದ್ದನ್ನು ಕೇಳಿ ಪಡೆಯಬೇಕು.

ದ್ರಾಕ್ಷಾರಸದ ಬಗ್ಗೆ ವೈದ್ಯನಾಗಿ ಒಂದು ಮಾತು ಹೇಳದಿದ್ದರೆ ಕರ್ತವ್ಯಲೋಪವಾದೀತು. "ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ, ಅಲ್ಲವೇ ಡಾಕ್ಟ್ರೇ?" ಎಂಬ ಪ್ರಶ್ನೆ ಬಳಗದ ಪ್ರತಿ ಕೂಟದಲ್ಲಿಯೂ ಎದುರಾಗುತ್ತದೆ. ತೊಂಬತ್ತರ ದಶಕದಲ್ಲಿ ಹರಡಿದ ಆ ನಂಬಿಕೆಯನ್ನು ಇಂದಿನ ವೈದ್ಯವಿಜ್ಞಾನ ಬೆಂಬಲಿಸುವುದಿಲ್ಲ. ಮದ್ಯ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಸವಿಯುವವರು ಸವಿಗಾಗಿ ಸವಿಯಲಿ, ಔಷಧವೆಂಬ ನೆಪ ಬೇಡ. ಚಕ್ರ ಹಿಡಿಯುವವರು ಮಾತ್ರ ಮುಟ್ಟಲೇಬಾರದು. ಇಂಗ್ಲೆಂಡಿನಲ್ಲಿ ಚಾಲಕರ ರಕ್ತದ ನೂರು ಮಿಲಿಲೀಟರಿಗೆ 80 ಮಿಲಿಗ್ರಾಂ ಮದ್ಯದ ಮಿತಿ ಇದ್ದರೆ ಇಟಲಿಯಲ್ಲಿ ಅದು 50. ಪರವಾನಗಿ ಪಡೆದು ಮೂರು ವರ್ಷ ತುಂಬದವರಿಗೆ ಸೊನ್ನೆ. ತೋಟದ ನೆಲಮಾಳಿಗೆಯಲ್ಲಿ ಪೀಪಾಯಿಗಳನ್ನು ನೋಡಲು, ಮಣ್ಣಿನ ಬಗೆ ಕೇಳಲು ಕುಡಿಯಬೇಕೆಂದಿಲ್ಲ. ಮೊಂಟಾಲ್ಚೀನೊದ ಬ್ರುನೆಲ್ಲೊ ಸುಗ್ಗಿಯ ನಂತರದ ಐದನೆಯ ವರ್ಷದವರೆಗೆ ಮಾರುಕಟ್ಟೆಗೆ ಬರುವಂತಿಲ್ಲವೆಂಬ ನಿಯಮವನ್ನು, ಆ ತಾಳ್ಮೆಯನ್ನು ಮಕ್ಕಳೂ ಮೆಚ್ಚಬಲ್ಲರು.

ನಮ್ಮ ಬಳಗದ ಕುಟುಂಬಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ಸಲ ಅಲ್ಲಿಗೆ ಹೋದಾಗ ಮನೆಯಾತನನ್ನೋ, ಚೀಸ್ ಅಂಗಡಿಯಾಕೆಯನ್ನೋ, ಕೊಯ್ಲಿನವರನ್ನೋ ಮಾತನಾಡಿಸಿ. ನೀವು ಎಲ್ಲಿಯವರು, ಈ ನೆಲವನ್ನು ಮೊದಲು ಯಾರು ಉಳುತ್ತಿದ್ದರು, ನಿಮ್ಮ ಮಕ್ಕಳು ಇಲ್ಲಿಯೇ ಇರುವರೇ ಎಂದು ಕೇಳಿ. ಮುರುಕು ಇಟಾಲಿಯನ್ ಸಾಕು, ಫೋನಿನ ಅನುವಾದವಾದರೂ ಸಾಕು. ಬಂದ ಉತ್ತರವನ್ನು ನಾಲ್ಕು ಸಾಲು ಬರೆದು, ತೆಗೆದ ಚಿತ್ರದ ಜೊತೆಗೆ ಈ ಪತ್ರಿಕೆಗೆ ಕಳುಹಿಸಿ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅವೇ ಮೂರು ಪ್ರಶ್ನೆಗಳನ್ನು ನಮ್ಮ ತೋಟದಲ್ಲಿ ದುಡಿಯುವವರಿಗೂ ಕೇಳೋಣ. ಮೂರನೆಯದನ್ನು ಅವರು ನಮಗೇ ತಿರುಗಿಸಿ ಕೇಳಿದರೆ ಉತ್ತರ ಹೇಳಲು ಸಿದ್ಧರಾಗಿಯೂ ಇರೋಣ.